ಹುಲಿಕಲ್ಲಿನ ಆಲದ ಸಾಲು

ಮರವು ಉಣ್ಣುವುದು ಬೇರಿನಿಂದ. ಬುಡವನ್ನು ನೆನೆಯಿಸಿದರೆ ತುದಿಯ ಎಲೆ ತಾನಾಗಿಯೇ ನಳನಳಿಸುವುದು. ಒಕ್ಕಲುಮಕ್ಕಳಿಗೆಲ್ಲ ತಿಳಿದಿರುವ ಈ ಸಂಗತಿಯನ್ನೇ ಬಸವಣ್ಣನವರು ಒಂದು ವಚನದಲ್ಲಿ ಜಂಗಮ ದಾಸೋಹಕ್ಕೆ ದೃಷ್ಟಾಂತವಾಗಿ ಬಳಸಿಕೊಂಡಿದ್ದಾರೆ. ವ್ಯಾಖ್ಯಾನಕಾರರು ಸಾಮಾನ್ಯವಾಗಿ ದೃಷ್ಟಾಂತವನ್ನು ದಾಟಿ ತತ್ತ್ವದ ಕಡೆಗೆ ಬೇಗನೆ ಹೊರಟುಬಿಡುತ್ತಾರೆ. ಮರದ ಬುಡದಲ್ಲಿಯೇ ತುಸು ಹೊತ್ತು ನಿಂತರೆ ಮಾಗಡಿ ತಾಲ್ಲೂಕಿನ ಹುಲಿಕಲ್ಲಿನ ಸಾಲುಮರದ ತಿಮ್ಮಕ್ಕನವರು ನೆನಪಾಗುತ್ತಾರೆ.

ಗುಬ್ಬಿ ತಾಲ್ಲೂಕಿನಲ್ಲಿ ಹುಟ್ಟಿ, ಹುಲಿಕಲ್ಲಿನ ಚಿಕ್ಕಯ್ಯನವರ ಕೈಹಿಡಿದು ಬಂದ ಆ ತಾಯಿ ಶಾಲೆಯಲ್ಲಿ ಓದಿದವರಲ್ಲ. ಕೂಲಿಯೇ ಅವರ ಬದುಕು. ಮಕ್ಕಳಾಗಲಿಲ್ಲ. ಊರ ಬಳಿಯ ಆಲದ ಮರಗಳಿಂದಲೇ ಸಸಿ ಮಾಡಿಕೊಂಡು ದಂಪತಿಗಳು ಕುದೂರಿನ ದಾರಿಯಲ್ಲಿ ಮೊದಲ ವರ್ಷ 10, ಮರುವರ್ಷ 15, ಮೂರನೆಯ ವರ್ಷ 20 ಗಿಡಗಳನ್ನು ನೆಟ್ಟರು. ಸಾಲು ಬೆಳೆಯುತ್ತ 385ರವರೆಗೆ ಮುಟ್ಟಿತು. ನೆಡುವುದೇನೋ ಒಂದು ದಿನದ ಕೆಲಸ. ಸುಮಾರು 4 ಕಿಲೋಮೀಟರ್ ದಾರಿಯುದ್ದಕ್ಕೂ ನೀರು ಹೊತ್ತು ಬುಡಕ್ಕೆ ಎರೆಯುವುದು, ದನಕರು ಬಾಯಿ ಹಾಕದಂತೆ ಮುಳ್ಳಿನ ಬೇಲಿ ಕಟ್ಟುವುದು ವರ್ಷಗಟ್ಟಲೆಯ ಕಾಯಕ. 1991ರಲ್ಲಿ ಚಿಕ್ಕಯ್ಯನವರು ತೀರಿಕೊಂಡರು. ತಿಮ್ಮಕ್ಕನವರು ಮರಗಳ ಕೈಬಿಡಲಿಲ್ಲ. 2019ರಲ್ಲಿ ಪದ್ಮಶ್ರೀ ಬಂದಿತು. 2025ರ ನವೆಂಬರ್ 14ರಂದು ಆ ಶತಾಯುಷಿ ಅಗಲಿದರು. ಪ್ರಶಸ್ತಿಗಳ ಪಟ್ಟಿ ದೀರ್ಘವಾದುದು, ಅದು ಇಲ್ಲಿ ಬೇಡ.

ಅವರು ನೆಟ್ಟದ್ದು ಆಲ, ಅಂದರೆ ಈ ನೆಲದ್ದೇ ಆದ ಮರ, ಎಂಬುದನ್ನು ವಿಶೇಷವಾಗಿ ಗಮನಿಸಬೇಕು. ಆಲದ ಹೂವನ್ನು ಹೊರಗೆ ಕಂಡವರಿಲ್ಲ. ಅದು ಕಾಯಿಯಂತೆ ತೋರುವುದರ ಒಳಗೇ ಅಡಗಿರುತ್ತದೆ. ಆಲಕ್ಕೆಂದೇ ಇರುವ ಪುಟ್ಟ ಕಣಜವೊಂದು ಒಳಹೊಕ್ಕು ಪರಾಗ ಮುಟ್ಟಿಸಿದರಷ್ಟೇ ಬೀಜ ಕಟ್ಟುವುದು. ಆ ಕಣಜದ ಮರಿ ಬೆಳೆಯುವುದೂ ಅಲ್ಲಿಯೇ. ಒಂದನ್ನು ಬಿಟ್ಟು ಇನ್ನೊಂದಿಲ್ಲ. ಹಣ್ಣಾದ ಮೇಲೆ ಕುಟ್ರುಹಕ್ಕಿ, ಗೊರವಂಕ, ಬಾವಲಿಗಳಿಗೆ ಅದೇ ದಾಸೋಹ. ಬೀಜವನ್ನು ದೂರ ಒಯ್ಯುವವೂ ಅವೇ. ಆಸ್ಟ್ರೇಲಿಯಾದಿಂದ ಬಂದ ನೀಲಗಿರಿಯ ತೋಪಿನಲ್ಲಿ ಇಂಥ ಪಂಕ್ತಿ ಕಾಣಸಿಗದು. ಹೊಸದಾಗಿ ನೀಲಗಿರಿ ನೆಡುವುದನ್ನು ಕರ್ನಾಟಕ ಸರ್ಕಾರವು 2017ರಲ್ಲಿ ನಿಷೇಧಿಸಿತು. ಬೀದಿಗಳನ್ನು ಕೆಂಪಾಗಿಸುವ ಗುಲ್‌ಮೊಹರ್ ಮಡಗಾಸ್ಕರಿನದು. ನೋಡಲು ಚೆಲುವಾದರೂ ನಮ್ಮ ಹಕ್ಕಿಗಳ ಹಸಿವಿಗೆ ಅದರಲ್ಲಿ ಆಲದಷ್ಟು ಉತ್ತರವಿಲ್ಲ. ಅಪ್ಪ ನೆಟ್ಟ ಆಲದ ಮರಕ್ಕೆ ನೇಣು ಹಾಕಿಕೊಳ್ಳುವ ನಮ್ಮ ಗಾದೆಯು ಈ ಮರಕ್ಕೆ ಮಾಡಿದ ಅನ್ಯಾಯ ಸಣ್ಣದಲ್ಲ!

2019ರಲ್ಲಿ ಬಾಗೇಪಲ್ಲಿ–ಹಲಗೂರು ರಸ್ತೆಯ ಅಗಲೀಕರಣದ ಕೊಡಲಿ ಹುಲಿಕಲ್ಲಿನ ಸಾಲಿನ ಮೇಲೂ ಬೀಳುವ ಭಯವಿತ್ತು. ನೂರು ದಾಟಿದ ತಿಮ್ಮಕ್ಕನವರೇ ಸರ್ಕಾರದ ಮುಂದೆ ನಿಂತು ಬೇಡಿಕೊಂಡರು. ಮರಗಳನ್ನು ಉಳಿಸುವ ಭರವಸೆ ದೊರೆಯಿತು. ಪದ್ಮಶ್ರೀ ಇದ್ದ ಕೈ ಮುಗಿದುದರಿಂದ ಮಾತು ನಡೆಯಿತೆನ್ನಬೇಕು. ಹೆಸರಿಲ್ಲದ ಹಿರಿಯರು ನೆಟ್ಟುಹೋದ ಸಾಲುಗಳಿಗೆ ಅಂಥ ಕೈಗಳಿಲ್ಲ.

ಜಾತ್ರೆ, ಪುಣ್ಯಸ್ಮರಣೆಗಳಂದು ಸಸಿ ಹಂಚುವ ಒಳ್ಳೆಯ ರೂಢಿ ಈಗ ಹಲವೆಡೆ ಇದೆ. ಹಂಚುವ ಸಸಿಯು ಹೊಂಗೆ, ಬೇವು, ಅರಳಿ, ಬಿಲ್ವ, ಅತ್ತಿಗಳಲ್ಲಿ ಒಂದಾಗಿರಲಿ. ಒಯ್ಯುವ ಭಕ್ತರು ಮುಂದಿನ ಎರಡು ಬೇಸಿಗೆಗೆ ನೀರು ಎಲ್ಲಿಂದ ತರುವರೆಂದು ಅಂದೇ ಕೇಳಿ ಬರೆದಿಟ್ಟುಕೊಳ್ಳುವುದು ಉಚಿತ.