ಹತ್ತಿಯ ಕುಲಾವಿ

ಯುದ್ಧದ ಮಾತು ಬಂದರೆ ಮೊಮ್ಮಕ್ಕಳು ವಿಮಾನ ಎಷ್ಟು, ಬಾಂಬ್ ಎಷ್ಟು ಎಂದು ಕೇಳುತ್ತಾರೆ. ನನಗೆ ಮೊದಲು ನೆನಪಾಗುವುದು ಟೋಕಿಯೋದ ಮಕ್ಕಳ ಟೋಪಿ.

ಎರಡನೇ ಮಹಾಯುದ್ಧದ ಕಾಲದಲ್ಲಿ ಅಲ್ಲಿನ ತಾಯಂದಿರು ಹತ್ತಿ ತುಂಬಿ, ನಮ್ಮ ಕುಲಾವಿಯಂಥ ದಪ್ಪ ಟೋಪಿ ಹೊಲಿಯುತ್ತಿದ್ದರು. ಮೇಲಿನಿಂದ ಏನಾದರೂ ಬಿದ್ದರೆ ಮಗುವಿನ ತಲೆಗೆ ಪೆಟ್ಟಾಗಬಾರದಲ್ಲ! ಆದರೆ 1945ರ ಮಾರ್ಚ್ 9ರ ರಾತ್ರಿ ಕಳೆದು 10 ಹುಟ್ಟುವ ಹೊತ್ತಿಗೆ ಅಮೆರಿಕದ ಸುಮಾರು 280 ವಿಮಾನಗಳು ಬೆಂಕಿ ಬಾಂಬ್ ಸುರಿಸಿದವು. ಸಣ್ಣ ಕಾರ್ಖಾನೆಗಳು ಮನೆಗಳ ನಡುವೆಯೇ ಇದ್ದವು. ಮನೆಗಳೋ ಮರ, ಕಾಗದದವು. ಜೋರು ಗಾಳಿ ಬೇರೆ. ಸುಮಾರು ಒಂದು ಲಕ್ಷ ಜನ ಸತ್ತರು. ಕಿಡಿ ತಾಗಿ ಆ ಕುಲಾವಿಗಳೂ ಹೊತ್ತಿಕೊಂಡವು. ದಾಳಿಗೆ ಹೆದರಿ ಹಳ್ಳಿಗೆ ಕಳಿಸಿದ್ದ ಆರನೇ ತರಗತಿಯ ಎಷ್ಟೋ ಮಕ್ಕಳು, ಶಾಲೆ ಮುಗಿಸುವ ಸಮಾರಂಭಕ್ಕೆಂದು ಆಗಷ್ಟೇ ಮನೆಗೆ ಮರಳಿದ್ದರು.

ಮಕ್ಕಳೇ, ಜಪಾನಿನ ಅನೇಕ ಶಾಲೆಗಳಲ್ಲಿ ಇಂದಿಗೂ ಅಂಥದೇ ಕುಲಾವಿ ಇದೆ. ಬಟ್ಟೆ ಮಾತ್ರ ಬೇಗ ಬೆಂಕಿ ಹಿಡಿಯದಂಥದು. ದಿನವೂ ಕುರ್ಚಿಯ ಮೇಲೆ ದಿಂಬಾಗಿರುತ್ತದೆ, ಭೂಕಂಪವಾದರೆ ತಲೆಗೇರುತ್ತದೆ. ಭೂಕಂಪವನ್ನು ತಡೆಯಲು ನಮ್ಮಿಂದಾಗದು, ಅದಕ್ಕೆ ಕುಲಾವಿ ಬೇಕೇ ಬೇಕು. ಬಾಂಬ್ ಹಾಕುವವರು ಮನುಷ್ಯರು. ಅದನ್ನು ಮನುಷ್ಯರೇ ನಿಲ್ಲಿಸಬೇಕು. ಅಮ್ಮನ ಹೊಲಿಗೆ ಎಷ್ಟು ಗಟ್ಟಿಯಿದ್ದರೂ ಅದಕ್ಕೆ ಸಾಲದು.