ಪಣಂಬೂರಿನ ಕಡಲಬಾಗಿಲು

ಗಂಗಾವತಿ ಸೀಮೆಯ ಸಿದ್ದಾಪುರದ ಜನರಿಗೆ ನೀರೆಂದರೆ ತುಂಗಭದ್ರೆಯ ಎಡದಂಡೆ ಕಾಲುವೆ. ಕಡಲು ದೂರದ ಮಾತು. ಆದರೆ ಅಲ್ಲಿಂದ ಮಂಗಳೂರಿಗೆ ಪ್ರವಾಸ ಹೊರಡುವ ವಿದ್ಯಾರ್ಥಿಗಳು ಪಣಂಬೂರಿನ ಅಲೆಗಳ ಜೊತೆಗೆ ಪಕ್ಕದ ಬಂದರಿನ ಕಥೆಯನ್ನೂ ತಿಳಿಯಬೇಕು.

1975ರಲ್ಲಿ ಉದ್ಘಾಟನೆಯಾದ ನವ ಮಂಗಳೂರು ಬಂದರಿಗೆ ಸರಕಿನ ಹಡಗುಗಳಷ್ಟೇ ಅಲ್ಲ, ವಿದೇಶಿ ವಿಹಾರ ನೌಕೆಗಳೂ ಬರುತ್ತವೆ. ಬೆಳಗ್ಗೆ ಇಳಿದ ಪ್ರವಾಸಿಗರು ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಕಾರ್ಕಳದ ಗೊಮ್ಮಟನನ್ನು ನೋಡಿ ಸಂಜೆಗೆ ಹಡಗು ಸೇರುತ್ತಾರೆ. ಈ ಒಂದು ಹಗಲಿಗೂ ವೀಸಾ ಬೇಕು. ಹಡಗಿನ ಟಿಕೇಟು ರಹದಾರಿಯಲ್ಲ. 2017ರಿಂದ ಇಲ್ಲಿ ಇ-ವೀಸಾಕ್ಕೂ ಮಾನ್ಯತೆಯಿದೆ.

ವೀಸಾ ಇದ್ದ ಮಾತ್ರಕ್ಕೆ ಬಾಗಿಲು ತೆರೆದೇ ಬಿಡುತ್ತದೆಯೇ? ಇಲ್ಲ. 2020ರ ಮಾರ್ಚ್‌ನಲ್ಲಿ ಕೊರೋನಾ ಹರಡುತ್ತಿದ್ದಾಗ ಎಂಎಸ್‌ಸಿ ಲಿರಿಕಾ ಎಂಬ ನೌಕೆಗೆ ಇಲ್ಲಿ ಪ್ರವೇಶ ನಿರಾಕರಿಸಲಾಯಿತು. ಪ್ರಯಾಣಿಕರು ನೆಲ ಮುಟ್ಟದೆ ಮುಂದೆ ಸಾಗಬೇಕಾಯಿತು.

ನಮ್ಮವರಿಗೂ ಇಂಥ ಕಟ್ಟಳೆಗಳು ತಪ್ಪಿದ್ದಲ್ಲ. ಲಕ್ಷದ್ವೀಪ ಭಾರತದ್ದೇ ಆದರೂ ಹೊರಗಿನವರು ಪ್ರವೇಶ ಪರವಾನಗಿ ಪಡೆಯಬೇಕು. ಅಲ್ಲಿನ ಅಮಿನ್‌ದಿವಿ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು! ಇನ್ನು ಪರದೇಶದ ಬಂದರಿನಲ್ಲಿ ಹಡಗು ಹತ್ತಿ, ಬೇರೆ ದೇಶ ಸುತ್ತಿ, ಅದೇ ಬಂದರಿಗೆ ಮರಳಿದರೆ ಅದು ಎರಡನೆಯ ಪ್ರವೇಶ. ಒಂದೇ ಸಲದ ವೀಸಾ ಅಲ್ಲಿ ಸಾಲದು.

ಹಾಗಾಗಿ ಮಕ್ಕಳನ್ನು ಕಳಿಸುವ ತಂದೆತಾಯಿಗಳು ಹಣ ಕಟ್ಟುವ ಮುನ್ನ ಕೇಳಬೇಕಾದ್ದು ಮೂರು: ಯಾವ ಯಾವ ಬಂದರು, ಎಷ್ಟು ಸಲ ಪ್ರವೇಶ, ಪಾಸ್‌ಪೋರ್ಟಿನ ಅವಧಿ ಎಲ್ಲಿಯವರೆಗೆ?