ಹವಳದ ತೊಟ್ಟಿಯ ದೀಪ

ದೀಪವು ಕೆಟ್ಟುಹೋದ ಮೇಲೆ ಅದನ್ನು ಬದಲಾಯಿಸಬೇಕೆಂಬುದು ಗೃಹಸ್ಥರೆಲ್ಲರೂ ಬಲ್ಲ ಮಾತು. ಚೆನ್ನಾಗಿ ಉರಿಯುತ್ತಿರುವಾಗಲೇ ಬದಲಾಯಿಸಬೇಕಾದ ದೀಪವೂ ಒಂದುಂಟೆಂಬುದನ್ನು ನಾವು ಅರುವತ್ತು ತುಂಬಿದ ಮೇಲೆ, ಒಂದು ತಪ್ಪಿನ ಮೂಲಕ ಕಲಿತೆವು.

ಅಮೆರಿಕೆಯ ನ್ಯೂಜೆರ್ಸಿಯಲ್ಲಿರುವ ನಮ್ಮ ಮಗನು ಗಾಜಿನ ತೊಟ್ಟಿಯೊಂದರಲ್ಲಿ ಉಪ್ಪುನೀರು ತುಂಬಿ ಜೀವಂತ ಹವಳಗಳನ್ನು ಸಾಕಿರುವನು. (ನಮ್ಮ ದೇಶದಲ್ಲಿ ದಿಬ್ಬ ಕಟ್ಟುವ ಹವಳಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಿರುವುದರಿಂದ ಇಲ್ಲಿ ಯಾರೂ ಇದನ್ನು ಅನುಕರಿಸತಕ್ಕದ್ದಲ್ಲ.) ಹವಳವು ಕಲ್ಲಲ್ಲ, ಪ್ರಾಣಿ. ಅದರ ಮೈಯೊಳಗೆ ಅತಿಸೂಕ್ಷ್ಮವಾದ ಪಾಚಿಯು ನೆಲೆಸಿ, ಬೆಳಕಿನ ಬಲದಿಂದ ಆಹಾರವನ್ನು ತಯಾರಿಸಿ, ಅದರ ಬಹುಭಾಗವನ್ನು ಆಶ್ರಯವಿತ್ತ ಪ್ರಾಣಿಗೇ ಒಪ್ಪಿಸುವುದು. ಆದುದರಿಂದ ತೊಟ್ಟಿಯ ಮೇಲಣ ದೀಪವೇ ಹವಳಕ್ಕೆ ಸೂರ್ಯನು, ಅನ್ನದಾತನು.

ಕಳೆದ ಸಲ ನಾವು ಅಲ್ಲಿಗೆ ಹೋಗಿದ್ದಾಗ ತೊಟ್ಟಿಯ ಉಪಚಾರವು ನಮ್ಮ ಪಾಲಿಗೆ ಬಂದಿತು. ದೀಪದ ಚೌಕಟ್ಟಿನ ಮೇಲೆ ಮಗನು ಟ್ಯೂಬುಗಳನ್ನು ಹಾಕಿದ ತಾರೀಖನ್ನು ಬರೆದು ಅಂಟಿಸಿದ್ದನು. “ಅಪ್ಪಾ, 10 ತಿಂಗಳು ತುಂಬಿದ ಕೂಡಲೆ ಇವನ್ನು ತೆಗೆಯಬೇಕು, ಮರೆಯದೆ ಹೇಳಿ” ಎಂದಿದ್ದನು. ಆ ದಿನ ಬಂದಿತು. ದೀಪಗಳು ಚೆನ್ನಾಗಿಯೇ ಉರಿಯುತ್ತಿದ್ದುವು. ಸೀಮೆಸುಣ್ಣವನ್ನು ಉಗುರಿನಷ್ಟಾಗುವವರೆಗೂ ಬಳಸಿದ ಕೈ ನಮ್ಮದು, ದುಂದುವೆಚ್ಚವೇಕೆಂದು ಸುಮ್ಮನಿದ್ದುಬಿಟ್ಟೆವು.

ಎರಡು ತಿಂಗಳಲ್ಲಿ ನೇರಿಳೆ ಬಣ್ಣದ ಹವಳವೊಂದು ಕಂದಿತು. ತುದಿಗಳ ಬೆಳವಣಿಗೆಯು ನಿಂತಿತು. ಮಗನು ನೀರನ್ನು ಪರೀಕ್ಷಿಸಿದನು; ದೋಷವಿರಲಿಲ್ಲ. ಬೆಳಕನ್ನಳೆಯುವ ಮಾಪಕವನ್ನು ನೀರೊಳಗಿಳಿಸಿದಾಗ, ಟ್ಯೂಬು ಹೊಸದಿದ್ದಾಗ ಬರೆದಿಟ್ಟಿದ್ದ ಅಂಕಿಗಿಂತ ಬಹಳ ಕಡಿಮೆ ತೋರಿತು. ಟ್ಯೂಬಿನ ಒಳಲೇಪವು ಹಳತಾದಂತೆ ಬೆಳಕು ಕುಗ್ಗುವುದು. ಅದರ ಬಣ್ಣವೂ ನೀಲಿಯನ್ನು ಬಿಟ್ಟು ಹಳದಿಯ ಕಡೆಗೆ ವಾಲುವುದು. ಕಣ್ಣಾದರೋ ದಿನದಿನದ ಇಳಿತಕ್ಕೆ ಹೊಂದಿಕೊಂಡು, ಎಲ್ಲವೂ ಮೊದಲಿನಂತೆಯೇ ಇದೆಯೆಂದು ಸಾಕ್ಷಿ ನುಡಿಯುವುದು. ಪ್ರತ್ಯಕ್ಷವೇ ಮೊದಲನೆಯ ಪ್ರಮಾಣವೆಂದು ಮಕ್ಕಳಿಗೆ ಬೋಧಿಸಿದ್ದ ನಮಗೆ ಪ್ರತ್ಯಕ್ಷವೇ ಮೋಸಮಾಡಿತು. ತಾರೀಖು, ಮಾಪಕ, ಹವಳದ ಬಣ್ಣ, ಇವುಗಳಿಂದ ಅನುಮಾನಿಸಿಯೇ ತಿಳಿಯಬೇಕಾಗಿದ್ದಿತು.

“ಎಲ್ಲವನ್ನೂ ಈಗಲೇ ಬದಲಾಯಿಸು” ಎಂದೆವು. ಮಗನು ಒಪ್ಪಲಿಲ್ಲ. “ಮಂದ ಬೆಳಕಿಗೆ ಒಗ್ಗಿಹೋಗಿದೆಯಪ್ಪಾ. ಒಮ್ಮೆಗೇ ಪೂರ್ತಿ ಬೆಳಕು ಬಿದ್ದರೆ ಪಾಚಿಯನ್ನು ಹೊರದೂಡಿ ಬಿಳಿಚಿಕೊಂಡುಬಿಡುತ್ತದೆ” ಎಂದು, ನಾಲ್ಕು ಟ್ಯೂಬುಗಳನ್ನು ವಾರಕ್ಕೊಂದರಂತೆ ಬದಲಾಯಿಸಿ, ದೀಪವುರಿಯುವ ಹೊತ್ತನ್ನೂ ಕೆಲವು ದಿನ ಕಡಿಮೆ ಮಾಡಿದನು. ನಾವು ಹೊರಡುವ ವೇಳೆಗೆ ತುದಿಗಳಲ್ಲಿ ನೇರಿಳೆಯು ಮತ್ತೆ ಇಣಿಕಿತು. ಒಂದು ಕೊಂಬೆ ಮಾತ್ರ ಉಳಿಯಲಿಲ್ಲ. ಮಗನು ನಮ್ಮನ್ನು ಒಂದು ಮಾತೂ ಆಡಲಿಲ್ಲ.

ಊರಿಗೆ ಬಂದ ಮೇಲೆಯೂ ಒಂದು ಯೋಚನೆಯು ನಮ್ಮನ್ನು ಬಿಟ್ಟಿಲ್ಲ. ನಿವೃತ್ತಿಗೆ ಮುಂಚಿನ ಕೆಲವು ವರ್ಷ ನಾವು ಹಳೆಯ ಟಿಪ್ಪಣಿಗಳನ್ನೇ ಓದಿ ಪಾಠವನ್ನು ಮುಗಿಸುತ್ತಿದ್ದೆವು. ದನಿಯೇನೂ ಕುಗ್ಗಿರಲಿಲ್ಲ, ದೀಪವು ಉರಿಯುತ್ತಲೇ ಇದ್ದಿತು. ಎದುರಿಗೆ ಕುಳಿತ ಮಕ್ಕಳು ಬೆಳೆಯುತ್ತಿದ್ದರೇ ಎಂದು ನಾವು ಅಳೆದು ನೋಡಲಿಲ್ಲ. ಆ ಲೆಕ್ಕವನ್ನು ಈಗ ತಿದ್ದುವಂತಿಲ್ಲ. ಈಚೆಗೆ ನೆರೆಮನೆಯ ಹುಡುಗನೊಬ್ಬನು ಸಂಸ್ಕೃತ ಕಲಿಯಲು ಬರುತ್ತಿರುವನು. ಅವನಿಗಾಗಿ ಹೊಸದಾಗಿ ಬರೆಯತೊಡಗಿದ ಟಿಪ್ಪಣಿ ಪುಸ್ತಕದ ಮೊದಲ ಪುಟದಲ್ಲಿ ತಾರೀಖನ್ನು ಬರೆದಿಟ್ಟಿದ್ದೇವೆ.